ಮಹಾನಗರಗಳ ವಾಹನಸಂದಣಿ ಮತ್ತು ಚಾಲನಾ ಪದ್ಧತಿ: ಒಂದು ತೌಲನಿಕ ವಿವೇಚನೆ

1. ಪೀಠಿಕೆ

ನಗರದ ಬೀದಿಗಳಲ್ಲಿ ಗಾಡಿಗಳು ಒತ್ತರಿಸಿ ನಿಲ್ಲುವುದು ಮೋಟಾರು ಯುಗದಲ್ಲಿ ಹುಟ್ಟಿದ ಪೀಡೆಯೆಂದು ಸಾಮಾನ್ಯವಾಗಿ ಭಾವಿಸುವುದುಂಟು. ಚರಿತ್ರೆಯು ಈ ಭಾವನೆಯನ್ನು ಸಮರ್ಥಿಸುವುದಿಲ್ಲ. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ರೋಮ್ ನಗರದಲ್ಲಿಯೇ ಈ ತೊಡಕು ಎಷ್ಟು ಬೆಳೆದಿತ್ತೆಂದರೆ, ಜೂಲಿಯಸ್ ಸೀಸರನ ಕಾಲದ ಶಾಸನವೊಂದು ಸರಕಿನ ಬಂಡಿಗಳು ಸೂರ್ಯೋದಯದಿಂದ ಹಗಲಿನ ಹತ್ತನೆಯ ತಾಸಿನವರೆಗೆ ಊರೊಳಗೆ ಸಂಚರಿಸಕೂಡದೆಂದು ವಿಧಿಸಬೇಕಾಯಿತು. ಹಗಲಿನಲ್ಲಿ ಬೀದಿ ತೆರವಾಯಿತು. ಆದರೆ ತಡೆಹಿಡಿದ ಬಂಡಿಗಳೆಲ್ಲ ರಾತ್ರಿಯಲ್ಲಿ ಒಳನುಗ್ಗಿದುವು. ಸುಮಾರು ಒಂದೂವರೆ ಶತಮಾನದ ತರುವಾಯ ವಿಡಂಬನ ಕವಿಯಾದ ಜುವೆನಲನು, ಈ ನಗರದಲ್ಲಿ ನಿದ್ರೆಯು ಹಣವಂತರಿಗೆ ಮಾತ್ರ ಲಭ್ಯವೆಂಬ ಅರ್ಥದಲ್ಲಿ ಗೊಣಗಿದ್ದಾನೆ. ಒಂದೆಡೆ ಒತ್ತಿದರೆ ಇನ್ನೊಂದೆಡೆ ಉಬ್ಬುವ ಈ ಗುಣವು ವಾಹನಸಂದಣಿಯ ಸಮಸ್ಯೆಗೆ ಅಂದಿನಿಂದ ಇಂದಿನವರೆಗೂ ಅಂಟಿಕೊಂಡು ಬಂದಿದೆ.

ಇಂದು ಈ ವಿಷಯವು ಪಂಡಿತರ ಕುತೂಹಲಕ್ಕೆ ಮಾತ್ರ ಸೇರಿದುದಾಗಿ ಉಳಿದಿಲ್ಲ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ಮೀರಿದೆ. ಮೈಸೂರು, ಹುಬ್ಬಳ್ಳಿ, ಮಂಗಳೂರುಗಳೂ ಅದೇ ದಾರಿಯಲ್ಲಿ ಸಾಗಿವೆ. ಮುಂದಿನ ಕೆಲವು ವರ್ಷಗಳಲ್ಲಿ ನಾವು ಕೈಗೊಳ್ಳುವ ತೀರ್ಮಾನಗಳು, ನಮ್ಮ ಮಕ್ಕಳು ದಿನಕ್ಕೆ ಎಷ್ಟು ಹೊತ್ತನ್ನು ಬೀದಿಯಲ್ಲಿ ಕಳೆಯಬೇಕು ಮತ್ತು ಅವರಲ್ಲಿ ಎಷ್ಟು ಮಂದಿ ಸುರಕ್ಷಿತವಾಗಿ ಮನೆ ಸೇರುತ್ತಾರೆ ಎಂಬುದನ್ನು ನಿರ್ಧರಿಸುತ್ತವೆ. ಇಂತಹ ಸಂದರ್ಭದಲ್ಲಿ ಬೇರೆ ಬೇರೆ ದೇಶಗಳ ನಗರಗಳ ಅನುಭವವನ್ನು ಹೋಲಿಸಿ ನೋಡುವುದು ಪ್ರಯೋಜನಕರ. ಸಂದಣಿಯನ್ನು ಅಳೆಯುವ ಬಗೆ ಯಾವುದು, ಅದು ಹುಟ್ಟುವುದು ಹೇಗೆ, ಚಾಲಕರ ನಡತೆಗೂ ಅದಕ್ಕೂ ಇರುವ ಸಂಬಂಧವೇನು, ಯಾವ ಉಪಾಯಗಳು ಫಲಿಸಿವೆ, ಯಾವುವು ಫಲಿಸಿಲ್ಲ ಎಂಬ ಪ್ರಶ್ನೆಗಳನ್ನು ಈ ಲೇಖನದಲ್ಲಿ ಕ್ರಮವಾಗಿ ವಿಚಾರಿಸಲಾಗಿದೆ.

2. ಅಳತೆಯ ಪ್ರಶ್ನೆ

ಪ್ರಪಂಚದಲ್ಲಿ ಯಾವ ನಗರ ಅತ್ಯಂತ ದಟ್ಟಣೆಯದು ಎಂದು ಕೇಳಿದರೆ ದೊರೆಯುವ ಉತ್ತರ ಒಂದೇ ಆಗಿರುವುದಿಲ್ಲ. ಟಾಮ್‌ಟಾಮ್ ಎಂಬ ಡಚ್ ಸಂಸ್ಥೆಯ 2019ರ ಪಟ್ಟಿಯಲ್ಲಿ ಬೆಂಗಳೂರು ಮೊದಲನೆಯ ಸ್ಥಾನದಲ್ಲಿತ್ತು. ಬೀದಿ ಬರಿದಾಗಿರುವಾಗ ಒಂದು ಪ್ರಯಾಣಕ್ಕೆ ಹಿಡಿಯುವ ಕಾಲಕ್ಕಿಂತ ಅಲ್ಲಿ ಸರಾಸರಿ ಶೇಕಡಾ 71ರಷ್ಟು ಹೆಚ್ಚು ಕಾಲ ಬೇಕಾಗುತ್ತಿತ್ತೆಂಬುದು ಅದಕ್ಕೆ ಆಧಾರ. ಅದೇ ಸಂಸ್ಥೆಯು 2023ರ ಪಟ್ಟಿಯಲ್ಲಿ ನಗರಕೇಂದ್ರದಲ್ಲಿ 10 ಕಿಲೋಮೀಟರು ಸಾಗಲು ಹಿಡಿಯುವ ಕಾಲವನ್ನು ಅಳತೆಗೋಲಾಗಿ ಇಟ್ಟುಕೊಂಡಾಗ ಲಂಡನ್ ಮೊದಲನೆಯದಾಯಿತು, ಬೆಂಗಳೂರು ಆರನೆಯದಾಯಿತು. 2024ರ ಪಟ್ಟಿಯಲ್ಲಿ ಕೊಲಂಬಿಯ ದೇಶದ ಬರಾಂಕಿಯಾ, ಕೋಲ್ಕತ್ತ, ಬೆಂಗಳೂರು ಎಂಬ ಕ್ರಮ ಕಾಣಿಸಿತು. ಇನ್‌ರಿಕ್ಸ್ ಎಂಬ ಇನ್ನೊಂದು ಸಂಸ್ಥೆಯು ಅದೇ 2024ರಲ್ಲಿ, ಒಬ್ಬ ಚಾಲಕನು ವರ್ಷದಲ್ಲಿ ಕಳೆದುಕೊಳ್ಳುವ ಗಂಟೆಗಳನ್ನು ಎಣಿಸಿ, 105 ಗಂಟೆಗಳ ನಷ್ಟವುಳ್ಳ ಇಸ್ತಾಂಬುಲ್ ನಗರಕ್ಕೆ ಮೊದಲ ಸ್ಥಾನ ಕೊಟ್ಟಿತು. ಅಳತೆಗೋಲು ಬದಲಾದೊಡನೆ ಸ್ಥಾನವೂ ಬದಲಾಗುತ್ತದೆ. ಆದುದರಿಂದ ಇಂತಹ ಪಟ್ಟಿಗಳನ್ನು ಓದುವಾಗ ಅಳೆದುದು ಏನನ್ನು ಎಂಬುದನ್ನು ಮೊದಲು ವಿಚಾರಿಸತಕ್ಕದ್ದು.

ಇಲ್ಲಿ ಎರಡು ಪರಿಭಾವನೆಗಳನ್ನು ಬೇರ್ಪಡಿಸಿಕೊಳ್ಳುವುದು ಅವಶ್ಯಕ. ಒಂದು, ಮಂದಗತಿ, ಎಂದರೆ, ಯಾವ ಹೊತ್ತಿನಲ್ಲಿಯೇ ಆಗಲಿ, ಆ ನಗರದಲ್ಲಿ ವಾಹನವು ನಿಧಾನವಾಗಿ ಸಾಗುವುದು. ಇನ್ನೊಂದು, ದಟ್ಟಣೆ, ಎಂದರೆ, ಇತರ ವಾಹನಗಳ ಇರುವಿಕೆಯಿಂದಲೇ ಉಂಟಾಗುವ ಹೆಚ್ಚಿನ ವಿಳಂಬ. ಉದಾಹರಣೆಗೆ, ಒಂದು ಊರಿನಲ್ಲಿ 10 ಕಿಲೋಮೀಟರಿನ ಪ್ರಯಾಣಕ್ಕೆ ಬೀದಿ ಬರಿದಾಗಿರುವಾಗ 12 ನಿಮಿಷವೂ, ಸಂಜೆಯ ಜನಸಂದಣಿಯಲ್ಲಿ 20 ನಿಮಿಷವೂ ಹಿಡಿಯುತ್ತದೆಯೆಂದು ಇಟ್ಟುಕೊಳ್ಳೋಣ. ಇನ್ನೊಂದು ಊರಿನಲ್ಲಿ ಅದೇ ದೂರಕ್ಕೆ ಕ್ರಮವಾಗಿ 25 ಮತ್ತು 30 ನಿಮಿಷಗಳು ಹಿಡಿಯಲಿ. ಮೊದಲನೆಯ ಊರಿನ ದಟ್ಟಣೆ ಸುಮಾರು ಶೇಕಡಾ 67. ಎರಡನೆಯದರದು ಶೇಕಡಾ 20 ಮಾತ್ರ. ಆದರೂ ಎರಡನೆಯ ಊರಿನ ನಿವಾಸಿಯೇ ಹೆಚ್ಚು ಹೊತ್ತು ಬೀದಿಯಲ್ಲಿರುತ್ತಾನೆ.

ಈ ಭೇದವು ಕೇವಲ ತಾರ್ಕಿಕವಾದುದಲ್ಲ. ಅಕ್ಬರ್, ಕೂಟ್ಯೂರ್, ಡ್ಯುರಾಂಟನ್ ಮತ್ತು ಸ್ಟೋರಿಗಾರ್ಡ್ ಎಂಬ ಅರ್ಥಶಾಸ್ತ್ರಜ್ಞರು ಮೊದಲು ಭಾರತದ 154 ನಗರಗಳನ್ನೂ, ಬಳಿಕ 152 ದೇಶಗಳ ಸುಮಾರು 1,200 ನಗರಗಳನ್ನೂ ಕುರಿತು ಅಂತರಜಾಲದ ನಕಾಶೆಗಳಿಂದ ಪ್ರಯಾಣಕಾಲಗಳನ್ನು ಸಂಗ್ರಹಿಸಿ ವಿಶ್ಲೇಷಿಸಿದರು. 2023ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನದಲ್ಲಿ ಅತ್ಯಂತ ಮಂದಗತಿಯ ನಗರವಾಗಿ ಢಾಕಾ, ಅತಿವೇಗದ ನಗರವಾಗಿ ಅಮೆರಿಕದ ಫ್ಲಿಂಟ್, ಅತ್ಯಂತ ದಟ್ಟಣೆಯ ನಗರವಾಗಿ ಬೊಗೊಟಾ ಕಂಡುಬಂದುವು. ಬಡ ದೇಶಗಳ ನಗರಗಳು ಹಗಲಿನಲ್ಲಿ ಮಾತ್ರವಲ್ಲದೆ ಬೀದಿ ಬರಿದಾದ ನಡುರಾತ್ರಿಯಲ್ಲಿಯೂ ಮಂದಗತಿಯವೇ ಆಗಿರುತ್ತವೆಂಬುದು ಈ ಸಂಶೋಧನೆಯ ಮುಖ್ಯ ಫಲಿತಾಂಶ. ಭಾರತದ ನಗರಗಳ ನಡುವಣ ವೇಗದ ವ್ಯತ್ಯಾಸಕ್ಕೂ ಬಹುಮಟ್ಟಿಗೆ ಇದೇ ಕಾರಣ. ಇಕ್ಕಟ್ಟಾದ ಹಳೆಯ ಬೀದಿಗಳು, ಒಂದನ್ನೊಂದು ಸರಿಯಾಗಿ ಕೂಡದ ದಾರಿಗಳು, ಹದಗೆಟ್ಟ ಮೇಲ್ಮೈ ಇವುಗಳನ್ನು ಮರೆತು, ವಾಹನಗಳ ಸಂಖ್ಯೆಯೊಂದನ್ನೇ ದೂರುವುದು ಅರ್ಧ ಸತ್ಯವಾಗುತ್ತದೆ.

3. ಸಂದಣಿ ಹುಟ್ಟುವ ಬಗೆ

ಸಂಚಾರದ ಶಾಸ್ತ್ರೀಯ ಅಧ್ಯಯನಕ್ಕೆ ಅಡಿಪಾಯ ಹಾಕಿದವರಲ್ಲಿ ಅಮೆರಿಕದ ಬ್ರೂಸ್ ಗ್ರೀನ್‌ಷೀಲ್ಡ್ಸ್ ಪ್ರಮುಖನು. ಆತನು 1930ರ ದಶಕದಲ್ಲಿ ಒಹಾಯೋ ಪ್ರಾಂತದ ರಸ್ತೆಗಳ ಪಕ್ಕದಲ್ಲಿ ಕ್ಯಾಮರಾ ಇಟ್ಟು, ಸಾಗುವ ವಾಹನಗಳ ಛಾಯಾಚಿತ್ರಗಳನ್ನು ತೆಗೆದು, ಅವುಗಳ ವೇಗಕ್ಕೂ ಸಾಂದ್ರತೆಗೂ ಇರುವ ಸಂಬಂಧವನ್ನು ಗುರುತಿಸಿದನು. ತತ್ತ್ವ ಸರಳವಾದುದು. ಒಂದು ಗಂಟೆಯಲ್ಲಿ ಒಂದು ಗೆರೆಯನ್ನು ದಾಟುವ ವಾಹನಗಳ ಸಂಖ್ಯೆಯೇ ಪ್ರವಾಹ. ಅದು ವೇಗ ಮತ್ತು ಸಾಂದ್ರತೆಗಳ ಗುಣಲಬ್ಧ. ವಾಹನಗಳು ವಿರಳವಾಗಿದ್ದರೆ ವೇಗವಿರುತ್ತದೆ, ಪ್ರವಾಹ ಕಡಿಮೆ. ವಾಹನಗಳು ಹೆಚ್ಚಿದಂತೆ ಪ್ರವಾಹವೂ ಏರುತ್ತದೆ. ಆದರೆ ಒಂದು ಮಿತಿಯನ್ನು ಮೀರಿದ ಬಳಿಕ ವೇಗವು ಎಷ್ಟು ಕುಸಿಯುತ್ತದೆಯೆಂದರೆ, ಹೆಚ್ಚು ವಾಹನಗಳು ಸೇರಿದಷ್ಟೂ ದಾಟಿಹೋಗುವ ವಾಹನಗಳು ಕಡಿಮೆಯಾಗುತ್ತವೆ.

ಈ ಮಿತಿ ಎಲ್ಲಿದೆ? ಚಾಲಕನು ತನ್ನ ಮುಂದಿನ ವಾಹನದಿಂದ ಸುಮಾರು ಎರಡು ಸೆಕೆಂಡುಗಳ ಅಂತರವನ್ನು ಕಾಯ್ದುಕೊಂಡರೆ ಒಂದು ಸಾಲಿನಲ್ಲಿ ಗಂಟೆಗೆ 1,800 ವಾಹನಗಳು ಸಾಗಬಲ್ಲುವು. ರಸ್ತೆಯ ಧಾರಣಶಕ್ತಿಯು ಅದರ ಅಗಲದಿಂದ ಮಾತ್ರವೇ ನಿರ್ಧಾರವಾಗದೆ, ಚಾಲಕನ ಕಣ್ಣು ಕಂಡು ಕಾಲು ಆಡುವ ವೇಗದಿಂದಲೂ ನಿರ್ಧಾರವಾಗುತ್ತದೆಂಬುದು ಇದರಿಂದ ವಿದಿತವಾಗುವುದು.

ತಡೆಯೇ ಇಲ್ಲದೆಯೂ ಸಂದಣಿ ಹುಟ್ಟಬಲ್ಲುದೆಂಬುದನ್ನು ಜಪಾನಿನ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಪ್ರತ್ಯಕ್ಷವಾಗಿ ತೋರಿಸಿಕೊಟ್ಟರು. ಸುಗಿಯಾಮಾ ಮತ್ತು ಆತನ ಸಂಗಡಿಗರು 230 ಮೀಟರು ಸುತ್ತಳತೆಯ ವೃತ್ತಾಕಾರದ ದಾರಿಯಲ್ಲಿ 22 ಕಾರುಗಳನ್ನು ಸಮಾನ ಅಂತರದಲ್ಲಿ ನಿಲ್ಲಿಸಿ, ಗಂಟೆಗೆ 30 ಕಿಲೋಮೀಟರು ವೇಗದಲ್ಲಿ ನಡೆಸುವಂತೆ ಚಾಲಕರಿಗೆ ಹೇಳಿದರು. ಕೂಡುದಾರಿಯಿಲ್ಲ, ಗುಂಡಿಯಿಲ್ಲ, ಕೆಂಪುದೀಪವಿಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲಿಯೇ ಸಣ್ಣ ಏರುಪೇರುಗಳು ಬೆಳೆದು, ಕೆಲವು ಕಾರುಗಳು ಪೂರ್ಣವಾಗಿ ನಿಂತುಬಿಟ್ಟುವು. ಈ ನಿಲುಗಡೆಯು ಅಲೆಯಂತೆ ಗಂಟೆಗೆ ಸುಮಾರು 20 ಕಿಲೋಮೀಟರು ವೇಗದಲ್ಲಿ ಹಿಂದಕ್ಕೆ ಸರಿಯುತ್ತ ಹೋಯಿತು. ಮುಂದಿನವನು ಕೊಂಚ ನಿಧಾನಿಸಿದರೆ ಹಿಂದಿನವನು ಇನ್ನಷ್ಟು ನಿಧಾನಿಸುತ್ತಾನೆ; ಅವನ ಹಿಂದಿನವನು ನಿಂತೇಬಿಡುತ್ತಾನೆ. ಇಲ್ಲಿ ತಪ್ಪು ಮಾಡಿದವರು ಯಾರೂ ಇಲ್ಲ; ಆದರೂ ಎಲ್ಲರೂ ಸಿಕ್ಕಿಬಿದ್ದರು.

4. ಚಾಲನಾ ಪದ್ಧತಿಗಳ ವೈವಿಧ್ಯ

ನಡತೆಯ ಮಾತಿಗೆ ಬರೋಣ. ಜರ್ಮನಿಯಲ್ಲಿ ವೇಗದ ಹೆದ್ದಾರಿಯಲ್ಲಿ ಬಲಗಡೆಯ ಸಾಲಿನಲ್ಲಿಯೇ ಸಾಗಿ, ಮುಂದಿನವನನ್ನು ಹಿಂದಿಕ್ಕುವುದಕ್ಕೆ ಮಾತ್ರ ಎಡಕ್ಕೆ ಬರಬೇಕೆಂಬುದು ಕಟ್ಟುನಿಟ್ಟಾದ ನಿಯಮ. ಒಂದು ಸಾಲು ಮುಗಿದುಹೋಗುವ ಸ್ಥಳದಲ್ಲಿ ಎರಡೂ ಸಾಲುಗಳ ವಾಹನಗಳು ಅಂಗಿಯ ಜಿಪ್ಪಿನ ಹಲ್ಲುಗಳಂತೆ ಒಂದಾದ ಮೇಲೊಂದು ಸೇರಿಕೊಳ್ಳಬೇಕೆಂದು ಅಲ್ಲಿಯ ಶಾಸನವೇ ವಿಧಿಸುತ್ತದೆ. ವಾಹನಗಳು ನಿಂತುಹೋದಾಗ ರೋಗಿವಾಹನಕ್ಕಾಗಿ ನಡುವೆ ದಾರಿ ಬಿಟ್ಟುಕೊಡುವುದೂ ಕಡ್ಡಾಯ. ಅಮೆರಿಕದ ಬಡಾವಣೆಗಳಲ್ಲಿ ನಾಲ್ಕು ಕಡೆಯಿಂದಲೂ ನಿಲ್ಲಬೇಕಾದ ಕೂಡುದಾರಿಗಳುಂಟು. ಮೊದಲು ಬಂದವನು ಮೊದಲು ಹೋಗುತ್ತಾನೆ. ಕೆಂಪುದೀಪವಿದ್ದರೂ ನಿಂತು ನೋಡಿ ಬಲಕ್ಕೆ ತಿರುಗುವುದು ಆ ದೇಶದ ಬಹುಭಾಗದಲ್ಲಿ ಸಮ್ಮತ; ಆದರೆ ನ್ಯೂಯಾರ್ಕ್ ನಗರದಲ್ಲಿ ಫಲಕವಿಲ್ಲದ ಕಡೆ ಅದು ನಿಷಿದ್ಧ. ವಿಯೆಟ್ನಾಮಿನ ಹನೋಯ್ ನಗರದಲ್ಲಿ ಮೋಟಾರು ಸೈಕಲ್ಲುಗಳ ಹೊಳೆಯೇ ಹರಿಯುತ್ತದೆ. ಅಲ್ಲಿ ಪಾದಚಾರಿಯು ಓಡದೆ, ನಿಲ್ಲದೆ, ಒಂದೇ ನಡಿಗೆಯಲ್ಲಿ ದಾಟುತ್ತಾನೆ. ಸವಾರರು ಅವನ ನಡಿಗೆಯನ್ನು ಅಂದಾಜುಮಾಡಿ ಎರಡೂ ಕಡೆ ಸರಿದುಕೊಳ್ಳುತ್ತಾರೆ.

ಇಂತಹ ಭೇದಗಳನ್ನು ಕಂಡು, ಇವು ಆಯಾ ಜನಾಂಗದ ಹುಟ್ಟುಗುಣವೆಂದು ತೀರ್ಮಾನಿಸುವುದು ಸುಲಭ. ಆದರೆ ಈ ತೀರ್ಮಾನಕ್ಕೆ ವಿರುದ್ಧವಾದ ಪ್ರಬಲ ಸಾಕ್ಷ್ಯವಿದೆ. ಇಂಗ್ಲೆಂಡಿನ ವೃತ್ತಾಕಾರದ ಕೂಡುದಾರಿಗಳನ್ನು ತೆಗೆದುಕೊಳ್ಳೋಣ. 1960ರ ದಶಕದವರೆಗೂ ಅಲ್ಲಿ ವೃತ್ತದೊಳಗೆ ಯಾರಿಗೆ ಮೊದಲ ಹಕ್ಕು ಎಂಬುದು ಸ್ಪಷ್ಟವಾಗಿರಲಿಲ್ಲ. ಹೊರಗಿನಿಂದ ನುಗ್ಗುವ ವಾಹನಗಳು ಒಳಗಿನವು ಹೊರಡದಂತೆ ತಡೆಯುತ್ತಿದ್ದುವು. ಒಳಗಿನವು ಹೊರಡದಿದ್ದುದರಿಂದ ಹೊರಗಿನವು ಒಳಬರಲಾರದೆ, ಇಡೀ ವೃತ್ತವೇ ಬಿಗಿದುಕೊಳ್ಳುತ್ತಿತ್ತು. ಫ್ರಾಂಕ್ ಬ್ಲ್ಯಾಕ್‌ಮೋರ್ ಮೊದಲಾದ ತಜ್ಞರ ಪ್ರಯೋಗಗಳ ಹಿನ್ನೆಲೆಯಲ್ಲಿ, 1966ರಲ್ಲಿ, ವೃತ್ತದೊಳಗಿರುವವರಿಗೆ ಹೊರಗಿನಿಂದ ಬರುವವರು ದಾರಿ ಬಿಟ್ಟುಕೊಡಬೇಕೆಂಬ ನಿಯಮ ಜಾರಿಗೆ ಬಂದಿತು. ರಸ್ತೆ ಅದೇ, ವಾಹನ ಅದೇ, ಜನರೂ ಅವರೇ. ಆದರೂ ವೃತ್ತಗಳು ಬಿಗಿಯುವುದು ತಪ್ಪಿತು. ಇದಕ್ಕೆ ಪ್ರತಿಯಾಗಿ ಪ್ಯಾರಿಸ್ಸಿನ ವಿಜಯತೋರಣದ ಸುತ್ತ, ಹನ್ನೆರಡು ರಾಜಮಾರ್ಗಗಳು ಕೂಡುವಲ್ಲಿ, ಬಲಗಡೆಯಿಂದ ಒಳಬರುವವನಿಗೇ ಮೊದಲ ಹಕ್ಕು ಎಂಬ ಹಳೆಯ ನಿಯಮ ಉಳಿದುಕೊಂಡಿದೆ. ಆ ವೃತ್ತವು ತನ್ನ ಗೊಂದಲಕ್ಕಾಗಿಯೇ ಪ್ರಸಿದ್ಧವಾಗಿದೆ.

ಸ್ವೀಡನ್ನಿನ ನಿದರ್ಶನ ಇನ್ನೂ ಸ್ಪಷ್ಟವಾದುದು. 1967ರ ಸೆಪ್ಟೆಂಬರ್ 3ರಂದು ಬೆಳಗಿನ ಜಾವ ಐದು ಗಂಟೆಗೆ ಆ ದೇಶದ ಸಮಸ್ತ ಸಂಚಾರವೂ ರಸ್ತೆಯ ಎಡಬದಿಯಿಂದ ಬಲಬದಿಗೆ ಬದಲಾಯಿತು. ತಲೆಮಾರುಗಳಿಂದ ಮೈಗೂಡಿದ್ದ ರೂಢಿಯನ್ನು ಇಡೀ ರಾಷ್ಟ್ರವು ಒಂದೇ ದಿನದಲ್ಲಿ ತ್ಯಜಿಸಿತು. ವರ್ಷಗಟ್ಟಲೆ ನಡೆಸಿದ ಸಿದ್ಧತೆ, ಪ್ರಚಾರ ಮತ್ತು ಎಲ್ಲರೂ ಒಟ್ಟಿಗೇ ಬದಲಾಗುವರೆಂಬ ನಂಬಿಕೆ ಇದನ್ನು ಸಾಧ್ಯವಾಗಿಸಿದುವು.

ಈ ಕೊನೆಯ ಅಂಶ ಬಹು ಮುಖ್ಯವಾದುದು. ನಮ್ಮ ಊರುಗಳ ರೈಲ್ವೆ ಗೇಟಿನ ಮುಂದಿನ ದೃಶ್ಯವನ್ನು ನೆನೆದುಕೊಳ್ಳೋಣ. ಗೇಟು ಹಾಕಿದೊಡನೆ ಮೊದಲು ಬಂದವರು ಎಡಕ್ಕೆ ನಿಲ್ಲುತ್ತಾರೆ. ಆಮೇಲೆ ಬಂದ ದ್ವಿಚಕ್ರದವನು ಬಲಗಡೆಯ ತೆರವಿನಲ್ಲಿ ಮುಂದೆ ಸರಿಯುತ್ತಾನೆ. ಅವನ ಹಿಂದೆ ಆಟೋರಿಕ್ಷಾ, ಅದರ ಹಿಂದೆ ಕಾರು. ಆ ಬದಿಯಲ್ಲಿಯೂ ಇದೇ ನಡೆಯುತ್ತದೆ. ರೈಲು ಹೋಗಿ ಗೇಟು ತೆರೆದಾಗ ಎರಡು ಸೇನೆಗಳು ಎದುರುಬದುರಾಗಿ ನಿಂತಂತಾಗಿ, ಯಾರೂ ಮುಂದುವರಿಯಲಾರರು. ಇವರಲ್ಲಿ ಒಬ್ಬೊಬ್ಬನನ್ನೂ ಬೇರೆಯಾಗಿ ವಿಚಾರಿಸಿದರೆ, ತಾನು ಸಾಲಿನಲ್ಲಿ ನಿಂತಿದ್ದರೆ ಇತರರು ತನ್ನನ್ನು ದಾಟಿ ಹೋಗುತ್ತಿದ್ದರು ಎನ್ನುತ್ತಾನೆ. ಅವನ ಮಾತು ಸುಳ್ಳಲ್ಲ. ಉಳಿದವರು ನಿಯಮ ಪಾಲಿಸುವರೆಂಬ ಭರವಸೆಯಿಲ್ಲದ ಕಡೆ ನಿಯಮಪಾಲನೆಯು ನಷ್ಟಕ್ಕೆ ಗುರಿಯಾಗುವುದು. ಅದನ್ನು ಅಶಿಸ್ತೆಂದು ಕರೆದು ಸುಮ್ಮನಾದರೆ ರೋಗದ ಹೆಸರು ಹೇಳಿದಂತಾಗುತ್ತದೆಯೇ ಹೊರತು ಔಷಧ ದೊರೆಯುವುದಿಲ್ಲ.

ಆದರೂ ನಮ್ಮ ಪದ್ಧತಿಯಲ್ಲಿ ದೋಷಗಳು ಮಾತ್ರವೇ ಇವೆಯೆನ್ನಲಾಗದು. ಬಸ್ಸು, ಲಾರಿ, ಕಾರು, ಆಟೋರಿಕ್ಷಾ, ದ್ವಿಚಕ್ರ, ತಳ್ಳುಗಾಡಿ ಇವೆಲ್ಲವೂ ಒಂದೇ ಬೀದಿಯಲ್ಲಿ ಸಾಗುವಾಗ, ಸಣ್ಣ ವಾಹನಗಳು ದೊಡ್ಡವುಗಳ ನಡುವಣ ತೆರಪನ್ನು ತುಂಬಿಕೊಳ್ಳುತ್ತವೆ. ಅದರಿಂದ ಅದೇ ಅಗಲದಲ್ಲಿ ಹೆಚ್ಚು ಜನರು ಸಾಗುವುದುಂಟು. ಹೀಗಾಗಿಯೇ ನಮ್ಮ ಇಂಜಿನಿಯರುಗಳು ಪ್ರತಿಯೊಂದು ಬಗೆಯ ವಾಹನಕ್ಕೂ ಕಾರನ್ನು ಮಾನವಾಗಿ ಇಟ್ಟುಕೊಂಡು ಬೇರೆ ಬೇರೆ ಬೆಲೆಯನ್ನು ಕಟ್ಟಿ ಲೆಕ್ಕಹಾಕುತ್ತಾರೆ. ಹಾರ್ನಿನ ಬಳಕೆಯೂ ಅಂತಹದೇ; ಪರಸ್ಪರ ಇರವನ್ನು ತಿಳಿಸುವ ಸಂಕೇತವಾಗಿ ಪ್ರಾರಂಭವಾಗಿ, ಅದು ಅಸಹನೆಯ ಕೂಗಾಗಿ ಬೆಳೆದಿದೆ. ಮುಂಬಯಿಯ ಸಂಚಾರ ಪೋಲೀಸರು 2020ರಲ್ಲಿ ಕೆಲವು ಕೂಡುದಾರಿಗಳಲ್ಲಿ, ಹಾರ್ನಿನ ಸದ್ದು 85 ಡೆಸಿಬಲ್ ಮೀರಿದರೆ ಕೆಂಪುದೀಪದ ಎಣಿಕೆ ಮತ್ತೆ ಮೊದಲಿನಿಂದ ಆರಂಭವಾಗುವಂತೆ ಏರ್ಪಡಿಸಿ ನೋಡಿದರು. ತಾಳ್ಮೆಗೆಟ್ಟವನಿಗೆ ಕಾಯುವುದನ್ನೇ ಶಿಕ್ಷೆಯಾಗಿ ವಿಧಿಸಿದ ಈ ಯುಕ್ತಿಯಲ್ಲಿ ವಿನೋದದ ಜತೆಗೆ ವಿವೇಕವೂ ಇದೆ.

5. ರಸ್ತೆಯ ವಿಸ್ತರಣೆ ಮತ್ತು ಅದರ ಫಲ

ಬೀದಿ ಸಾಲದಾದರೆ ಅಗಲಿಸಬೇಕೆಂಬುದು ಯಾರಿಗಾದರೂ ಮೊದಲು ತೋರುವ ಉಪಾಯ. ಆದರೆ 1962ರಲ್ಲಿಯೇ ಅಮೆರಿಕದ ಆಂಥೊನಿ ಡೌನ್ಸ್, ನಗರದ ಹೆದ್ದಾರಿಗಳಲ್ಲಿ ಸಂದಣಿಯು ರಸ್ತೆಯ ಗರಿಷ್ಠ ಧಾರಣಶಕ್ತಿಯವರೆಗೆ ಬೆಳೆಯುತ್ತದೆಂಬ ಸೂತ್ರವನ್ನು ಮುಂದಿಟ್ಟನು. ಹೊಸ ರಸ್ತೆ ಆದೊಡನೆ, ಬೇರೆ ದಾರಿಯಲ್ಲಿ ಹೋಗುತ್ತಿದ್ದವರು ಇತ್ತ ತಿರುಗುತ್ತಾರೆ. ಬೇರೆ ಹೊತ್ತಿನಲ್ಲಿ ಹೊರಡುತ್ತಿದ್ದವರು ಹೊತ್ತನ್ನು ಬದಲಿಸುತ್ತಾರೆ. ರೈಲು ಬಸ್ಸುಗಳಲ್ಲಿ ಹೋಗುತ್ತಿದ್ದವರು ಕಾರು ಹಿಡಿಯುತ್ತಾರೆ. 2011ರಲ್ಲಿ ಡ್ಯುರಾಂಟನ್ ಮತ್ತು ಟರ್ನರ್ ಅಮೆರಿಕದ ನಗರಗಳ ಅಂಕಿಅಂಶಗಳನ್ನು ಪರೀಕ್ಷಿಸಿ, ಅಂತರರಾಜ್ಯ ಹೆದ್ದಾರಿಗಳ ಉದ್ದ ಹೆಚ್ಚಿದಷ್ಟೇ ಪ್ರಮಾಣದಲ್ಲಿ ವಾಹನಸಂಚಾರವೂ ಹೆಚ್ಚುತ್ತದೆಂದು ತೋರಿಸಿದರು. ಟೆಕ್ಸಾಸಿನ ಹೂಸ್ಟನ್ನಿನಲ್ಲಿ ಕೇಟಿ ಹೆದ್ದಾರಿಯನ್ನು 2008ರ ಹೊತ್ತಿಗೆ ಬಹಳವಾಗಿ ಅಗಲಿಸಿ, ಪಕ್ಕದ ರಸ್ತೆಗಳೂ ಸೇರಿ ಕೆಲವೆಡೆ 26 ಸಾಲುಗಳಾಗುವಂತೆ ಮಾಡಿದರು. ಆದರೂ 2011 ಮತ್ತು 2014ರ ನಡುವೆ ಅಲ್ಲಿ ಪ್ರಯಾಣದ ಕಾಲ ಮತ್ತೆ ಏರಿತು.

ಹೊಸ ದಾರಿಯು ಕೆಲವೊಮ್ಮೆ ಎಲ್ಲರ ಸ್ಥಿತಿಯನ್ನೂ ಕೆಡಿಸಬಹುದೆಂಬುದನ್ನು ಜರ್ಮನಿಯ ಗಣಿತಜ್ಞನಾದ ಡೀಟ್ರಿಚ್ ಬ್ರೇಸ್ 1968ರಲ್ಲಿ ಸಾಧಿಸಿದನು. ಲೆಕ್ಕವನ್ನು ಹೀಗೆ ನೋಡಬಹುದು. ಬೆಳಗ್ಗೆ 3,000 ಕಾರುಗಳು ಒಂದು ಬಡಾವಣೆಯಿಂದ ಪೇಟೆಗೆ ಹೋಗಬೇಕು. ದಾರಿಗಳು ಎರಡು. ಪ್ರತಿಯೊಂದರಲ್ಲಿಯೂ ಒಂದು ಅಗಲವಾದ ಸುತ್ತುದಾರಿಯ ಭಾಗವಿದೆ. ಅಲ್ಲಿ ಎಷ್ಟೇ ಕಾರುಗಳಿದ್ದರೂ 40 ನಿಮಿಷ. ಇನ್ನೊಂದು ಇಕ್ಕಟ್ಟಾದ ಭಾಗವಿದೆ. ಅಲ್ಲಿ ನೂರು ಕಾರುಗಳಿಗೆ ಒಂದು ನಿಮಿಷದಂತೆ ಕಾಲ ಬೆಳೆಯುತ್ತದೆ. ಮೊದಲನೆಯ ದಾರಿಯಲ್ಲಿ ಇಕ್ಕಟ್ಟು ಮೊದಲು ಬರುತ್ತದೆ. ಎರಡನೆಯದರಲ್ಲಿ ಕೊನೆಗೆ ಬರುತ್ತದೆ. ಕಾರುಗಳು ಸಮವಾಗಿ ಹಂಚಿಕೊಂಡರೆ ಒಬ್ಬೊಬ್ಬರಿಗೂ 15 ಮತ್ತು 40, ಒಟ್ಟು 55 ನಿಮಿಷ. ಈಗ ಎರಡು ದಾರಿಗಳ ಮಧ್ಯಬಿಂದುಗಳ ನಡುವೆ ಒಂದೇ ನಿಮಿಷದಲ್ಲಿ ದಾಟಬಹುದಾದ ಮೇಲ್ಸೇತುವೆಯನ್ನು ಕಟ್ಟಿದರೆಂದು ಭಾವಿಸೋಣ. ಎರಡು ಇಕ್ಕಟ್ಟಾದ ಭಾಗಗಳನ್ನೂ ಹಿಡಿದು ಹೋದರೆ ಬೇಗ ತಲಪಬಹುದೆಂದು ಎಲ್ಲರೂ ಅತ್ತ ನುಗ್ಗುತ್ತಾರೆ. ಆಗ ಒಬ್ಬೊಬ್ಬರಿಗೂ 30, 1 ಮತ್ತು 30, ಒಟ್ಟು 61 ನಿಮಿಷ. ಹಳೆಯ ದಾರಿಗೆ ಒಬ್ಬನೇ ಹಿಂದಿರುಗಿದರೆ ಅವನಿಗೆ 70 ನಿಮಿಷ ಹಿಡಿಯುವುದರಿಂದ ಯಾರೂ ಹಿಂದಿರುಗುವುದಿಲ್ಲ. ಹಣ ಖರ್ಚಾಯಿತು; ಪ್ರತಿಯೊಬ್ಬನ ಆರು ನಿಮಿಷವೂ ಖರ್ಚಾಯಿತು.

ಇದರ ವಿಲೋಮಕ್ಕೆ ಸೋಲ್ ನಗರವು ಹೆಸರಾಗಿದೆ. ನಗರದ ನಡುವೆ ಹರಿಯುತ್ತಿದ್ದ ಚಿಯಾಂಗ್ಯೆಚಿಯಾನ್ ಹೊಳೆಯ ಮೇಲೆ ಕಟ್ಟಿದ್ದ ಎತ್ತರದ ಹೆದ್ದಾರಿಯನ್ನು 2003ರಲ್ಲಿ ಕೆಡವಿ, 2005ರಲ್ಲಿ ಹೊಳೆಯನ್ನು ಮತ್ತೆ ಬೆಳಕಿಗೆ ತಂದರು. ಜತೆಯಲ್ಲಿಯೇ ಬಸ್ಸುಗಳ ವ್ಯವಸ್ಥೆಯನ್ನು ಸುಧಾರಿಸಿದರು. ಭಯಪಟ್ಟಂತೆ ನಗರವು ಸ್ತಂಭಿತವಾಗಲಿಲ್ಲ. ರಸ್ತೆಯನ್ನು ಎಲ್ಲಿಯೂ ಅಗಲಿಸಬಾರದೆಂಬುದು ಇದರ ತಾತ್ಪರ್ಯವಲ್ಲ. ಮೂಲದಲ್ಲಿಯೇ ರಸ್ತೆಗಳ ಜಾಲ ಕೊರತೆಯಾಗಿರುವ ಊರಿಗೆ ಹೊಸ ದಾರಿ ಬೇಕಾಗಬಹುದು. ಆದರೆ ಅದರಿಂದ ಸಂದಣಿ ಶಾಶ್ವತವಾಗಿ ನೀಗುವುದೆಂಬ ಆಶ್ವಾಸನೆಯನ್ನು ಅನುಭವವು ಸಮರ್ಥಿಸುವುದಿಲ್ಲ.

6. ಸುಂಕ ಮತ್ತು ನಿರ್ಬಂಧ

ಬೀದಿಗಿಳಿಯುವ ಒಬ್ಬೊಬ್ಬ ಚಾಲಕನೂ ತಾನು ಅನುಭವಿಸುವ ವಿಳಂಬವನ್ನು ಲೆಕ್ಕಕ್ಕೆ ಹಿಡಿಯುತ್ತಾನೆ. ತಾನು ಇತರರಿಗೆ ಉಂಟುಮಾಡುವ ವಿಳಂಬವನ್ನು ಹಿಡಿಯುವುದಿಲ್ಲ. ಆರ್ಥರ್ ಪಿಗೂ 1920ರಲ್ಲಿಯೇ ಈ ತತ್ತ್ವವನ್ನು ಸೂಚಿಸಿದ್ದನು. ಮುಂದೆ 1996ರಲ್ಲಿ ನೊಬೆಲ್ ಬಹುಮಾನ ಪಡೆದ ವಿಲಿಯಂ ವಿಕ್ರಿಯು, ಹೊತ್ತು ಮತ್ತು ಸ್ಥಳಗಳಿಗೆ ಅನುಗುಣವಾಗಿ ರಸ್ತೆಗೆ ಬೆಲೆ ಕಟ್ಟಬೇಕೆಂದು ದಶಕಗಳ ಕಾಲ ವಾದಿಸಿದನು. ಇದನ್ನು ಮೊದಲು ಕಾರ್ಯಗತಮಾಡಿದುದು ಸಿಂಗಪುರ. 1975ರ ಜೂನ್ ತಿಂಗಳಿನಲ್ಲಿ ನಗರಕೇಂದ್ರಕ್ಕೆ ಬೆಳಗಿನ ಹೊತ್ತು ಬರುವ ಕಾರುಗಳಿಗೆ ದಿನಕ್ಕೆ ಮೂರು ಡಾಲರಿನ ಪರವಾನಗಿ ವಿಧಿಸಿದಾಗ, ನಿರ್ಬಂಧದ ವೇಳೆಯಲ್ಲಿ ಒಳಬರುವ ವಾಹನಗಳು ಶೇಕಡಾ 40ಕ್ಕಿಂತ ಹೆಚ್ಚು ಇಳಿದುವು. 1990ರಿಂದ ಅಲ್ಲಿ ಕಾರು ಕೊಳ್ಳುವುದಕ್ಕೇ ಹತ್ತು ವರ್ಷಗಳ ಅರ್ಹತಾಪತ್ರವನ್ನು ಹರಾಜಿನಲ್ಲಿ ಪಡೆಯಬೇಕಾಯಿತು; 1998ರಲ್ಲಿ ಸುಂಕವಸೂಲಿಯು ವಿದ್ಯುನ್ಮಾನ ಕ್ರಮಕ್ಕೆ ಬದಲಾಯಿತು.

ಲಂಡನ್ನಿನಲ್ಲಿ 2003ರ ಫೆಬ್ರವರಿಯಲ್ಲಿ ಐದು ಪೌಂಡುಗಳ ಸುಂಕ ಜಾರಿಗೆ ಬಂದಿತು. ಮೊದಲ ವರ್ಷದಲ್ಲಿ ದಟ್ಟಣೆಯು ಸುಮಾರು ಶೇಕಡಾ 30ರಷ್ಟು ತಗ್ಗಿತು. ಆದರೆ ಮುಂದಿನ ಕೆಲವು ವರ್ಷಗಳಲ್ಲಿ, ಬೀದಿಯ ಅಗೆತ, ಬಸ್ಸು ಮತ್ತು ಪಾದಚಾರಿಗಳಿಗೆ ಹೆಚ್ಚು ಜಾಗ ಕೊಟ್ಟುದು ಮೊದಲಾದ ಕಾರಣಗಳಿಂದ, ಒಳಬರುವ ವಾಹನಗಳು ಕಡಿಮೆಯಾಗಿಯೇ ಉಳಿದರೂ ವೇಗವು ಹಿಂದಿನ ಮಟ್ಟದತ್ತ ಇಳಿಯಿತು. ಸ್ಟಾಕ್‌ಹೋಮ್ ಅನುಸರಿಸಿದ ಕ್ರಮ ಬೋಧಪ್ರದವಾದುದು. 2006ರ ಜನವರಿಯಿಂದ ಜುಲೈವರೆಗೆ ಪರೀಕ್ಷಾರ್ಥವಾಗಿ ಸುಂಕ ವಿಧಿಸಿದರು. ವಾಹನಗಳು ಸುಮಾರು ಐದನೆಯ ಒಂದು ಪಾಲು ಕಡಿಮೆಯಾದುವು. ಪರೀಕ್ಷೆ ನಿಂತೊಡನೆ ಬಹುಪಾಲು ಹಿಂದಿರುಗಿದುವು. ಮೊದಲು ವಿರೋಧಿಸಿದ್ದ ನಗರವಾಸಿಗಳು, ಫಲವನ್ನು ಕಣ್ಣಾರೆ ಕಂಡ ಮೇಲೆ, ಆ ಸೆಪ್ಟೆಂಬರಿನ ಜನಮತಗಣನೆಯಲ್ಲಿ ಅಲ್ಪ ಬಹುಮತದಿಂದ ಅದನ್ನು ಒಪ್ಪಿದರು. 2007ರ ಆಗಸ್ಟಿನಿಂದ ಅದು ಸ್ಥಿರವಾಯಿತು. ನ್ಯೂಯಾರ್ಕಿನ ಮ್ಯಾನ್‌ಹಟನ್ನಿನಲ್ಲಿ 2025ರ ಜನವರಿ 5ರಂದು ಇಂತಹ ಸುಂಕ ಆರಂಭವಾಯಿತು.

ಬೆಲೆಯ ಬದಲು ನಿಷೇಧವನ್ನು ಅವಲಂಬಿಸಿದ ನಗರಗಳ ಅನುಭವ ಮಿಶ್ರವಾದುದು. ಮೆಕ್ಸಿಕೊ ನಗರದಲ್ಲಿ 1989ರಲ್ಲಿ, ವಾಹನಸಂಖ್ಯೆಯ ಕೊನೆಯ ಅಂಕಿಗೆ ಅನುಗುಣವಾಗಿ ಪ್ರತಿಯೊಂದು ಕಾರೂ ವಾರಕ್ಕೆ ಒಂದು ದಿನ ಬೀದಿಗಿಳಿಯಬಾರದೆಂದು ವಿಧಿಸಿದರು. ಲೂಕಾಸ್ ಡೇವಿಸ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅಲ್ಲಿಯ ಗಾಳಿ ಇದರಿಂದ ಶುದ್ಧವಾಗಲಿಲ್ಲ. ಜನರು ಬೇರೆ ಸಂಖ್ಯೆಯ ಎರಡನೆಯ ಕಾರನ್ನು ಕೊಂಡುಕೊಂಡರು. ಜಕಾರ್ತದಲ್ಲಿ ಮುಖ್ಯ ಬೀದಿಗಳಿಗೆ ಬರುವ ಕಾರಿನಲ್ಲಿ ಕನಿಷ್ಠ ಮೂವರಿರಬೇಕೆಂಬ ನಿಯಮವಿತ್ತು. ಬಡವರು ಬೀದಿಬದಿಯಲ್ಲಿ ನಿಂತು, ಕೂಲಿಗಾಗಿ ಕಾರುಗಳಲ್ಲಿ ಮೂರನೆಯ ಪ್ರಯಾಣಿಕರಾಗುತ್ತಿದ್ದರು. ಕಂಕುಳಲ್ಲಿ ಮಗುವಿದ್ದರೆ ಎರಡು ತಲೆಗಳ ಎಣಿಕೆ. ಇಂತಹ ನಿಯಮವು ವ್ಯರ್ಥವೆಂದೇ ಅನೇಕರು ಭಾವಿಸಿದ್ದರು. ಆದರೆ 2016ರಲ್ಲಿ ಅದನ್ನು ರದ್ದುಗೊಳಿಸಿದ ಬಳಿಕ ಆ ಬೀದಿಗಳಲ್ಲಿ ಬೆಳಗಿನ ವಿಳಂಬವು ಶೇಕಡಾ 46ರಷ್ಟೂ, ಸಂಜೆಯದು ಶೇಕಡಾ 87ರಷ್ಟೂ ಏರಿದುವೆಂದು 2017ರಲ್ಲಿ ಹ್ಯಾನಾ, ಕ್ರೈಂಡ್ಲರ್ ಮತ್ತು ಓಲ್ಕೆನ್ ತೋರಿಸಿದರು. ವಂಚನೆಗೆ ಎಡೆಯಿದ್ದ ನಿಯಮವೂ ಸಂಪೂರ್ಣ ನಿಷ್ಫಲವಾಗಿರಲಿಲ್ಲ. ಜಪಾನಿನಲ್ಲಿ 1962ರ ಶಾಸನದಂತೆ, ಕಾರು ಕೊಳ್ಳುವವನು ಅದನ್ನು ನಿಲ್ಲಿಸಲು ತನಗೆ ಬೀದಿಯ ಹೊರಗೆ ಸ್ಥಳವುಂಟೆಂದು ಮೊದಲು ಪ್ರಮಾಣಪತ್ರ ತೋರಿಸಬೇಕು. ಟೋಕಿಯೋವಿನ ಕಿರುಬೀದಿಗಳು ರಾತ್ರಿಯೆಲ್ಲ ನಿಂತ ಕಾರುಗಳಿಂದ ತುಂಬಿಹೋಗದಿರುವುದಕ್ಕೆ ಇದೊಂದು ಕಾರಣ.

7. ನಮ್ಮ ನಗರಗಳಿಗೆ ಅನ್ವಯ

ಈ ಉಪಾಯಗಳನ್ನು ಯಥಾವತ್ತಾಗಿ ನಕಲುಮಾಡಬಹುದೇ? ಬೆಂಗಳೂರಿನಲ್ಲಿಯೇ ನಡೆದ ಪ್ರಯೋಗವೊಂದು ಎಚ್ಚರಿಕೆಯನ್ನು ಕಲಿಸುತ್ತದೆ. ಗೇಬ್ರಿಯಲ್ ಕ್ರೈಂಡ್ಲರ್ ಇಲ್ಲಿಯ ಪ್ರಯಾಣಿಕರ ಫೋನುಗಳ ಮೂಲಕ ಅವರ ಸಂಚಾರವನ್ನು ಗಮನಿಸಿ, ಹೊರಡುವ ಹೊತ್ತಿಗೂ ದಾರಿಗೂ ಪ್ರಾಯೋಗಿಕ ಸುಂಕ ವಿಧಿಸಿ, ಅವರ ಪ್ರತಿಕ್ರಿಯೆಯನ್ನು ಪರೀಕ್ಷಿಸಿದರು. 2024ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಬೆಂಗಳೂರಿನಲ್ಲಿ ವಾಹನಗಳು ಹೆಚ್ಚಿದಂತೆ ವಿಳಂಬವು ಹಠಾತ್ತನೆ ಏರದೆ ಸಮಪ್ರಮಾಣದಲ್ಲಿ ಏರುತ್ತದೆ. ಆದುದರಿಂದ ಜನರನ್ನು ಒಂದು ಹೊತ್ತಿನಿಂದ ಇನ್ನೊಂದು ಹೊತ್ತಿಗೆ ಸರಿಸುವುದರಿಂದ ಮಾತ್ರ ದೊರೆಯುವ ಲಾಭ ಅಲ್ಪವಾದುದು. ಮಂದಗತಿ ಮತ್ತು ದಟ್ಟಣೆಗಳ ಭೇದ ಇಲ್ಲಿ ಪ್ರಯೋಜನಕ್ಕೆ ಬರುತ್ತದೆ. ದಿನವಿಡೀ ನಿಧಾನವಾಗಿರುವ ಊರಿಗೆ ಸಂಜೆಯೊಂದರ ಔಷಧ ಸಾಲದು.

ಹಾಗಾದರೆ ಬಸ್ಸು ಮತ್ತು ಮೆಟ್ರೋಗಳು? ಒಂದು ಬಸ್ಸಿನಲ್ಲಿ 60 ಮಂದಿ ಇದ್ದರೆಂದೂ, ಕಾರಿನಲ್ಲಿ ಸರಾಸರಿ ಒಂದೂವರೆ ಮಂದಿ ಇದ್ದರೆಂದೂ ಇಟ್ಟುಕೊಂಡರೆ, ಅವರೆಲ್ಲರಿಗೂ 40 ಕಾರುಗಳು ಬೇಕಾಗುತ್ತವೆ. ಬಸ್ಸು ಆಕ್ರಮಿಸುವುದು ಸುಮಾರು ಮೂರು ಕಾರುಗಳ ಜಾಗವನ್ನು. ಜಾಗದ ಮಿತವ್ಯಯಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ. 2011ರ ಅಕ್ಟೋಬರಿನಲ್ಲಿ ಆರಂಭವಾದ ನಮ್ಮ ಮೆಟ್ರೋ ಅಂದಿನಿಂದ ಹಂತಹಂತವಾಗಿ ಬೆಳೆದಿದೆ. ಆದರೆ ಡ್ಯುರಾಂಟನ್ ಮತ್ತು ಟರ್ನರರ ಅಧ್ಯಯನವು ಇನ್ನೊಂದು ಅಹಿತಸತ್ಯವನ್ನೂ ಹೊರಗೆಡಹಿದೆ: ಸಾರ್ವಜನಿಕ ಸಾರಿಗೆಯನ್ನು ಹೆಚ್ಚಿಸಿದ ಮಾತ್ರಕ್ಕೆ ಒಟ್ಟು ವಾಹನಸಂಚಾರ ತಗ್ಗುವುದಿಲ್ಲ, ತೆರವಾದ ಜಾಗವನ್ನು ಹೊಸ ವಾಹನಗಳು ತುಂಬುತ್ತವೆ. ಆದುದರಿಂದ ಬಸ್ಸಿನ ಪ್ರಯೋಜನವನ್ನು ಕಾರಿನವರ ವೇಗದಿಂದ ಅಳೆಯಬಾರದು. ಎಷ್ಟು ಜನರು ಸಂದಣಿಯ ಹಂಗಿಲ್ಲದೆ ಕೆಲಸಕ್ಕೆ ತಲಪಿದರು ಎಂಬುದರಿಂದ ಅಳೆಯಬೇಕು. ಬಸ್ಸಿಗೆ ಮೀಸಲಾದ ಸಾಲು, ನಡೆಯುವವನಿಗೆ ಒಡೆಯದ ಕಾಲುದಾರಿ, ವಾಹನ ನಿಲ್ಲಿಸುವುದಕ್ಕೆ ತಕ್ಕ ಬೆಲೆ, ಇವು ಒಟ್ಟಿಗೆ ಬಂದಾಗ ಮಾತ್ರ ತೆರವಾದ ಜಾಗ ತೆರವಾಗಿಯೇ ಉಳಿದೀತು.

8. ವೇಗ ಮತ್ತು ಪ್ರಾಣ

ಸಂದಣಿಯ ಚರ್ಚೆಯಲ್ಲಿ ಬಹುಮಟ್ಟಿಗೆ ಮರೆತುಹೋಗುವ ವಿಷಯವೊಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಎಣಿಕೆಯಂತೆ 2021ರಲ್ಲಿ ಪ್ರಪಂಚದಲ್ಲಿ ಸುಮಾರು 11.9 ಲಕ್ಷ ಮಂದಿ ರಸ್ತೆಯ ಅಪಘಾತಗಳಲ್ಲಿ ಮಡಿದರು. ಭಾರತದಲ್ಲಿ 2022ರಲ್ಲಿ ಮಡಿದವರ ಸಂಖ್ಯೆ 1,68,491. ನಿಂತ ವಾಹನವು ಹೊತ್ತನ್ನು ಕದಿಯುತ್ತದೆ. ಓಡುವ ವಾಹನವು ಪ್ರಾಣವನ್ನು ಕದಿಯಬಹುದು. ವೇಗವನ್ನೇ ಏಕೈಕ ಧ್ಯೇಯವಾಗಿ ಇಟ್ಟುಕೊಂಡು, ಕೂಡುದಾರಿಗಳನ್ನು ಮೇಲ್ಸೇತುವೆಗಳಿಂದ ದಾಟಿಸಿ, ಪಾದಚಾರಿಗಳನ್ನು ಬೇಲಿ ಹಾಕಿ ದೂರವಿರಿಸಿದ ಬೀದಿಯು ವಾಹನಗಳಿಗೆ ಅನುಕೂಲವಾಗಿರಬಹುದು. ಶಾಲೆಗೆ ನಡೆದುಹೋಗುವ ಮಗುವಿಗೆ ಅದು ದಾಟಲಾರದ ಹೊಳೆ.

ಸ್ವೀಡನ್ ದೇಶವು 1997ರಲ್ಲಿ, ರಸ್ತೆಯಲ್ಲಿ ಒಂದು ಸಾವೂ ಸಮ್ಮತವಲ್ಲವೆಂಬ ಧ್ಯೇಯವನ್ನು ತನ್ನ ಸಂಸತ್ತಿನಲ್ಲಿ ಅಂಗೀಕರಿಸಿತು. ಮನುಷ್ಯನು ತಪ್ಪುವುದು ಸಹಜ. ಆ ತಪ್ಪು ಪ್ರಾಣಕ್ಕೆ ಎರವಾಗದಂತೆ ರಸ್ತೆಯನ್ನು ರಚಿಸುವುದು ರಚಿಸುವವರ ಹೊಣೆ ಎಂಬುದು ಅದರ ತಿರುಳು. ನಾರ್ವೆಯ ಓಸ್ಲೋ ನಗರದಲ್ಲಿ 2019ರಲ್ಲಿ ಒಬ್ಬ ಪಾದಚಾರಿಯೂ, ಒಬ್ಬ ಸೈಕಲ್ ಸವಾರನೂ ಅಪಘಾತದಲ್ಲಿ ಸಾಯಲಿಲ್ಲ. ವೇಗದ ಮಿತಿಯನ್ನು ಇಳಿಸಿದುದು, ನಗರಕೇಂದ್ರದಲ್ಲಿ ಕಾರು ನಿಲ್ಲಿಸುವ ಸ್ಥಳಗಳನ್ನು ತೆಗೆದುದು, ಸೈಕಲ್ ದಾರಿಗಳನ್ನು ಹೆಚ್ಚಿಸಿದುದು ಇವುಗಳ ಪಾತ್ರ ಅದರಲ್ಲಿದೆ.

9. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ನಗರಗಳನ್ನು ಹೋಲಿಸುವಾಗ ಮಂದಗತಿಯನ್ನೂ ದಟ್ಟಣೆಯನ್ನೂ ಒಂದೇ ಎಂದು ಎಣಿಸಬಾರದು. ಎರಡಕ್ಕೂ ಕಾರಣ ಬೇರೆ, ಪರಿಹಾರ ಬೇರೆ. ಎರಡನೆಯದಾಗಿ, ಚಾಲಕರ ನಡತೆಯು ಬಹುಪಾಲು ನಿಯಮ ಮತ್ತು ರಸ್ತೆಗಳ ರಚನೆಯಿಂದ ರೂಪುಗೊಳ್ಳುತ್ತದೆ. ಅವುಗಳನ್ನು ತಿದ್ದಿದರೆ ನಡತೆಯೂ ತಿದ್ದಿಕೊಳ್ಳುತ್ತದೆ. ಮೂರನೆಯದಾಗಿ, ಬೆಲೆಯಿಲ್ಲದ ರಸ್ತೆಯನ್ನು ಎಷ್ಟು ಅಗಲಿಸಿದರೂ ಅದು ಮತ್ತೆ ತುಂಬಿಕೊಳ್ಳುವ ಸಂಭವವೇ ಹೆಚ್ಚು. ನಾಲ್ಕನೆಯದಾಗಿ, ಪರರ ಉಪಾಯವನ್ನು ಸ್ವೀಕರಿಸುವ ಮುನ್ನ ಅದನ್ನು ನಮ್ಮ ಬೀದಿಯಲ್ಲಿಯೇ ಪರೀಕ್ಷಿಸಬೇಕು. ಸ್ಟಾಕ್‌ಹೋಮ್ ಮಾಡಿದಂತೆ ಫಲವನ್ನು ಜನರ ಮುಂದಿಟ್ಟು ಅವರ ಸಮ್ಮತಿಯನ್ನು ಪಡೆಯಬೇಕು.

ಬೀದಿಯು ಊರಿನ ಅತ್ಯಂತ ದೊಡ್ಡ ಸಾರ್ವಜನಿಕ ಆಸ್ತಿ. ಅದರಲ್ಲಿ ಯಾರಿಗೆ ಎಷ್ಟು ಪಾಲೆಂಬ ಪ್ರಶ್ನೆಯನ್ನು ನಾವು ಬಹುಕಾಲ ಇಂಜಿನಿಯರಿಂಗಿನ ಪ್ರಶ್ನೆಯೆಂದು ತಿಳಿದಿದ್ದೆವು. ವಾಸ್ತವವಾಗಿ ಅದು ನ್ಯಾಯದ ಪ್ರಶ್ನೆಯೂ ಹೌದು. ಕಾರಿನೊಳಗೆ ಕುಳಿತು ಕಾಯುವವನ ವಿಳಂಬವು ಪಟ್ಟಿಗಳಲ್ಲಿ ದಾಖಲಾಗುತ್ತದೆ. ಬಸ್ಸಿಗಾಗಿ ಬಿಸಿಲಿನಲ್ಲಿ ನಿಂತವಳ ವಿಳಂಬವು ಆ ಪಟ್ಟಿಗಳಲ್ಲಿ ಕಾಣಿಸುವುದಿಲ್ಲ. ಅವಳ ಹೊತ್ತನ್ನೂ ಎಣಿಸುವ ಅಳತೆಗೋಲನ್ನು ರೂಪಿಸುವುದು ಈ ಕ್ಷೇತ್ರದ ಸಂಶೋಧಕರ ಮುಂದಿರುವ ಕಾರ್ಯ.